‘ಥರ್ಮೋಸ್ಟಾಟ್ ತೆಗೆಸಿದ್ರೆ ಹೀಟ್ ಆಗಲ್ಲವಂತೆ, ಹೌದಾ ಸರ್?’

ಪ್ರಶ್ನೆ: ಸರ್, 2002ರ ಹೋಂಡಾ ಸಿಟಿ ವಿಟೆಕ್ ತಗೊಂಡು ನಾಲ್ಕು ತಿಂಗಳಾಯ್ತು. ಎಲ್ಲರೂ ಹೇಳುವ ಆ ಪಿಕಪ್ ನನ್ನ ಗಾಡಿಯಲ್ಲಿ ಕಾಣ್ತಾ ಇಲ್ಲ. ಮೈಲೇಜೂ ಅಷ್ಟಕ್ಕಷ್ಟೆ. ಹಿಂದಿನ ಓನರ್ ಹತ್ತಿರ ಇದ್ದಾಗ ಘಾಟಿಯಲ್ಲಿ ಒಂದು ಸಲ ಹೀಟ್ ಆಗಿತ್ತಂತೆ, ಆಗಲೇ ಗ್ಯಾರೇಜಿನಲ್ಲಿ ಥರ್ಮೋಸ್ಟಾಟ್ ವಾಲ್ವ್ ತೆಗೆಸಿದ್ದಾರೆ. ನಮ್ಮ ದೇಶದ ಬಿಸಿಲಿಗೆ ಅದು ಬೇಡವೇ ಬೇಡ ಅಂತಾರೆ. ಹೌದಾ?

ಉತ್ತರ: ಅಲ್ಲ. ಇವತ್ತೇ ಹೊಸದು ತಂದು ಹಾಕಿಸಿ.

ಥರ್ಮೋಸ್ಟಾಟ್ ಅಂದರೆ ಇಂಜಿನ್ ಬಿಸಿಯಾಗುವವರೆಗೆ ಅದರ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಸಣ್ಣ ವಾಲ್ವ್. ಉತ್ತರ ಇಷ್ಟೇ. ಆದರೆ ಇಷ್ಟೇ ಹೇಳಿ ಸುಮ್ಮನಾದಾಗಲೆಲ್ಲ ಎರಡು ದಿನ ಬಿಟ್ಟು ಅದೇ ಪ್ರಶ್ನೆ ವಾಪಸ್ ಬರುತ್ತದೆ. ‘ನಮ್ಮ ಮೆಕ್ಯಾನಿಕ್ ಮೂವತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದಾರೆ ಸರ್, ಅವರಿಗೆ ಗೊತ್ತಿರಲ್ವಾ?’ ಈ ಪ್ರಶ್ನೆಗೆ ಎಷ್ಟು ಜನಕ್ಕೆ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಸಿಟಿಯವರು ಕೇಳಿದ್ದಾರೆ, ಬಲೆನೋದವರು ಕೇಳಿದ್ದಾರೆ, ಪಾಲಿಯೋ 1.6 ಇಟ್ಟುಕೊಂಡವರು ಕೇಳಿದ್ದಾರೆ. ಇವತ್ತು ಒಂದೇ ಸಲ ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕೈಗಿಡುತ್ತೇನೆ.

ಮೊದಲು ಗಾಡಿ ಬಗ್ಗೆ ಎರಡು ಮಾತು. ವಿಟೆಕ್ ಅಂದರೆ ಇಂಜಿನ್ ಜೋರಾಗಿ ಸುತ್ತುವಾಗ ವಾಲ್ವ್‌ಗಳನ್ನು ಹೆಚ್ಚು ತೆರೆಯುವ ಹೋಂಡಾದ ವ್ಯವಸ್ಥೆ. ಗಾಡಿಯ ಹಿಂಭಾಗದಲ್ಲಿ ವಿಟೆಕ್ ಅಂತ ಬರೆದಿರುವ ಸಿಟಿಗಳೆಲ್ಲ ಒಂದೇ ಅಲ್ಲ. ಹೋಂಡಾ ಸಿಟಿ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದದ್ದು 1998ರಲ್ಲಿ, 1.3 ಮತ್ತು 1.5 ಲೀಟರ್ ಇಂಜಿನ್‌ಗಳೊಂದಿಗೆ. 2000ದಲ್ಲಿ ಅದೇ ಗಾಡಿಗೆ 1.5 ವಿಟೆಕ್ ಬಂತು. 1493 ಸಿಸಿ, 106 ಬಿಎಚ್‌ಪಿ. 2003ರಲ್ಲಿ ಆ ಮಾಡೆಲ್ ನಿಂತು ಎತ್ತರದ ಹೊಸ ಸಿಟಿ ಬಂತು. ಅದರ ಐಡಿಎಸ್‌ಐ ಎಂಬ ಇಂಜಿನ್ನಿನ ಶಕ್ತಿ 77 ಬಿಎಚ್‌ಪಿ. ಒಳ್ಳೆಯ ಮೈಲೇಜು, ಒಳಗೆ ಧಾರಾಳ ಜಾಗ, ಮನೆಮಂದಿಗೆಲ್ಲ ಇಷ್ಟವಾಗುವ ಗಾಡಿ. ಆದರೆ ಓಡಿಸುವ ಖುಷಿಗೇ ಕಾರು ಇಟ್ಟುಕೊಳ್ಳುವವರು ಹಳೆಯದನ್ನೇ ಹುಡುಕಿಕೊಂಡು ಹೋದರು, ಇವತ್ತಿಗೂ ಹೋಗುತ್ತಾರೆ. ಓಎಚ್‌ಸಿ ವಿಟೆಕ್ ಅಂತ ಕರೆಯುವುದು ಆ ಹಳೆಯ ಗಾಡಿಯನ್ನೇ.

106 ಬಿಎಚ್‌ಪಿ ಅಂದರೆ ಇವತ್ತು ಯಾರೂ ತಿರುಗಿ ನೋಡುವುದಿಲ್ಲ, ಒಂದು ಲೀಟರಿನ ಟರ್ಬೊ ಇಂಜಿನ್ನೇ ಅದಕ್ಕಿಂತ ಜಾಸ್ತಿ ಕೊಡುತ್ತದೆ. ಆದರೆ ಟರ್ಬೊ ಗಾಡಿಯಲ್ಲಿ ಕಾಲಿಟ್ಟ ಕೂಡಲೇ ಎಲ್ಲ ಸಿಕ್ಕಿಬಿಡುತ್ತದೆ. ಇದರಲ್ಲಿ ಹಾಗಲ್ಲ. ಇದು ಕಾಯಿಸುತ್ತದೆ. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದಲ್ಲಿ ಒಂದು ಕಾಫಿ ಕುಡಿದು ಮೂಡಿಗೆರೆ ಕಡೆ ಹೊರಟರೆ ಎಸ್ಟೇಟುಗಳ ನಡುವೆ ಬೆಳಗಿನ ಹೊತ್ತು ಖಾಲಿ ರಸ್ತೆ ಸಿಗುತ್ತದಲ್ಲ, ಅಲ್ಲಿ ಒಂದು ತಿರುವು ಮುಗಿಸಿ ಎರಡನೇ ಗೇರಿನಲ್ಲಿ ಕಾಲು ಪೂರ್ತಿ ಒತ್ತಿ ನೋಡಿ. ಮೂರು ಸಾವಿರ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ), ನಾಲ್ಕು ಸಾವಿರ, ಏನೂ ವಿಶೇಷವಿಲ್ಲ, ಯಾವುದೇ ಹೋಂಡಾದ ಹಾಗೆ ನುಣ್ಣಗೆ ಹೋಗುತ್ತದೆ. ಐದು ಸಾವಿರದ ಆಸುಪಾಸಿನಲ್ಲಿ ಸದ್ದು ಬದಲಾಗುತ್ತದೆ. ಅಲ್ಲಿಯವರೆಗೆ ಗುನುಗುತ್ತಿದ್ದ ಇಂಜಿನ್ ಗಂಟಲು ಬಿಚ್ಚುತ್ತದೆ. ಮುಳ್ಳು ಅಲ್ಲಿಂದ ಮುಂದಕ್ಕೆ ಓಡುವ ರೀತಿಯೇ ಬೇರೆ. ಆಕ್ಸಿಲರೇಟರಿನಿಂದ ಇಂಜಿನ್‌ಗೆ ಇರುವುದು ಒಂದು ಕೇಬಲ್, ನಡುವೆ ಕಂಪ್ಯೂಟರ್ ಇಲ್ಲ. ಬಾನೆಟ್ ತಗ್ಗು, ಗಾಜಿನ ಪಕ್ಕದ ಕಂಬಗಳು ಸಣ್ಣ, ಗಾಡಿಯ ನಾಲ್ಕು ಮೂಲೆ ಎಲ್ಲಿವೆ ಎಂದು ಕೂತಲ್ಲೇ ಗೊತ್ತಾಗುತ್ತದೆ. ಹಂಪ್ ಕಂಡಲ್ಲೆಲ್ಲ ಅಡ್ಡಡ್ಡ ಹತ್ತಿಸಿ ಇಳಿಸುವ ಕಷ್ಟ, ಒಂದು ಡೋರ್ ಬೀಡಿಂಗಿಗೆ ಮೂರು ತಿಂಗಳು ಕಾಯುವ ಕಷ್ಟ, ಎಲ್ಲವೂ ಆ ಹತ್ತು ಸೆಕೆಂಡಿನಲ್ಲಿ ಮರೆತುಹೋಗುತ್ತದೆ.

ನಿಮ್ಮ ಗಾಡಿಯಲ್ಲಿ ಸಿಗದೇ ಇರುವುದು ಆ ಹತ್ತು ಸೆಕೆಂಡೇ. ಥರ್ಮೋಸ್ಟಾಟ್ ಇಲ್ಲದಿರುವುದಕ್ಕೂ ಇದಕ್ಕೂ ನೇರ ಸಂಬಂಧವಿದೆ. ನನಗೆ ಬೇಜಾರಾಗುವುದು ಇದಕ್ಕೇ. ವಿಟೆಕ್‌ಗೋಸ್ಕರವೇ ಹುಡುಕಿ ತಂದ ಕಾರಿನಲ್ಲಿ, ಆ ವಿಟೆಕ್ ಕೆಲಸ ಮಾಡಲು ಬೇಕಾದ ಸಾಮಾನನ್ನೇ ಕಿತ್ತು ಗುಜರಿಗೆ ಹಾಕುತ್ತಿದ್ದೇವೆ.

ವಿಟೆಕ್ ಹೇಗೆ ನಡೆಯುತ್ತದೆ ನೋಡಿ. ಈ ಇಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೆ ಗಾಳಿ ಒಳಗೆ ಬಿಡುವ ಎರಡು ವಾಲ್ವ್ ಇವೆ. ಅವನ್ನು ಒತ್ತಲು ಕ್ಯಾಮ್ ಶಾಫ್ಟ್ ಎಂಬ ಸುತ್ತುವ ದಂಡದ ಮೇಲೆ ಮೂರು ಉಬ್ಬುಗಳಿವೆ. ಆಚೆ ಈಚೆ ಎರಡು ಸಣ್ಣವು, ನಡುವೆ ಒಂದು ದೊಡ್ಡದು. ನಿಧಾನ ಹೋಗುವಾಗ ಸಣ್ಣ ಉಬ್ಬುಗಳದ್ದೇ ಕೆಲಸ. ನಡುವಿನದು ಸುಮ್ನೆ ಸುತ್ತುತ್ತಿರುತ್ತದೆ. ಸಮಯ ಬಂದಾಗ ಒಂದು ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ಸಣ್ಣ ವಾಲ್ವ್) ತೆರೆದು ಇಂಜಿನ್ ಆಯಿಲ್ ಒತ್ತಡದಿಂದ ಒಳಗೆ ನುಗ್ಗಿ, ಸಣ್ಣ ಪಿನ್ನುಗಳನ್ನು ತಳ್ಳಿ ಉಬ್ಬಿನ ಒತ್ತನ್ನು ವಾಲ್ವ್‌ಗೆ ಮುಟ್ಟಿಸುವ ಮೂರೂ ರಾಕರ್ ಆರ್ಮ್‌ಗಳನ್ನು ಒಟ್ಟಿಗೆ ಬಿಗಿಯುತ್ತದೆ. ಆಗ ದೊಡ್ಡ ಉಬ್ಬು ಎಲ್ಲರನ್ನೂ ಎಳೆದುಕೊಂಡು ಹೋಗುತ್ತದೆ. ವಾಲ್ವ್ ಹೆಚ್ಚು ಆಳಕ್ಕೆ, ಹೆಚ್ಚು ಹೊತ್ತು ತೆರೆಯುತ್ತದೆ. ಹೋಂಡಾ ಇದನ್ನು ಮೊದಲು ಕಾರಿಗೆ ಹಾಕಿದ್ದು 1989ರಲ್ಲಿ, ಜಪಾನಿನ ಇಂಟೆಗ್ರಾದಲ್ಲಿ. 1.6 ಲೀಟರಿಗೆ 160 ಕುದುರೆ ಶಕ್ತಿ, ಅದೂ ಟರ್ಬೊ ಇಲ್ಲದೆ. ನಮ್ಮ ಸಿಟಿಯದ್ದು ಅದರ ಸರಳ ತಮ್ಮ.

ಈಗ, ಆ ಸೊಲೆನಾಯ್ಡನ್ನು ಯಾವಾಗ ತೆರೆಯಬೇಕು ಅಂತ ತೀರ್ಮಾನ ಮಾಡುವುದು ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್. ಅದು ಬರೀ ಆರ್‌ಪಿಎಂ ನೋಡಿ ತೆರೆಯುವುದಿಲ್ಲ. ಇಂಜಿನ್ ಮೇಲೆ ಎಷ್ಟು ಲೋಡ್ ಇದೆ, ಗಾಡಿ ಎಷ್ಟು ವೇಗದಲ್ಲಿದೆ, ಇಂಜಿನ್ನಿನ ನೀರು ಎಷ್ಟು ಬಿಸಿ ಇದೆ, ಎಲ್ಲ ನೋಡುತ್ತದೆ. ನೀರು ತಣ್ಣಗಿದ್ದರೆ ಆಯಿಲ್ ಇನ್ನೂ ಮಂದವಾಗಿರುತ್ತದೆ, ಪಿನ್ನುಗಳು ಸಲೀಸಾಗಿ ಸರಿಯುವುದಿಲ್ಲ. ಅಂಥ ಹೊತ್ತಿನಲ್ಲಿ ಆರು ಸಾವಿರಕ್ಕೆ ಎಳೆದರೆ ಇಂಜಿನ್ನಿಗೇ ಪೆಟ್ಟು. ಅದಕ್ಕೇ ಇಸಿಯು ಬಿಡುವುದಿಲ್ಲ. ನೀವು ಕಾಲು ಒತ್ತುತ್ತೀರಿ, ಇಂಜಿನ್ ಕೂಗುತ್ತದೆ, ಆ ಎರಡನೇ ದನಿ ಮಾತ್ರ ಬರುವುದಿಲ್ಲ.

ಅಷ್ಟೇ ಅಲ್ಲ. ನೀರು ತಣ್ಣಗಿರುವಷ್ಟೂ ಹೊತ್ತು ಇಸಿಯು ‘ಈಗ ತಾನೇ ಸ್ಟಾರ್ಟ್ ಆದ ಗಾಡಿ’ ಅಂತಲೇ ತಿಳಿದುಕೊಂಡಿರುತ್ತದೆ. ಪೆಟ್ರೋಲ್ ಜಾಸ್ತಿ ಬಿಡುತ್ತದೆ, ಹಳೇ ಗಾಡಿಯಲ್ಲಿ ಚೋಕ್ ಎಳೆದು ಮರೆತಹಾಗೆ. ಪ್ಲಗ್ ಕಪ್ಪಾಗುತ್ತದೆ. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ಪದರವನ್ನು ತೊಳೆದು ಕೆಳಗಿಳಿದು ಆಯಿಲ್ ಜೊತೆ ಬೆರೆಯುತ್ತದೆ. ಪಿಸ್ಟನ್ ರಿಂಗು, ಬೋರು ಸವೆಯುತ್ತವೆ. ಮೈಲೇಜು ಯಾಕೆ ಕಡಿಮೆ ಅಂತ ಕೇಳಿದ್ರಲ್ಲ, ಇದೇ ಕಾರಣ.

ಇನ್ನೊಂದು ಗುರುತು ಹೇಳುತ್ತೇನೆ, ನೀವೇ ನೋಡಬಹುದು. ಮಲೆನಾಡಿನ ಮಳೆಗಾಲದಲ್ಲಿ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಒಳಭಾಗ ನೋಡಿ. ಹಾಲು ಜಾಸ್ತಿಯಾದ ಕಾಫಿ ಬಣ್ಣದ, ಬೆಣ್ಣೆಯ ಹಾಗಿನ ಗಸಿ ಅಂಟಿದ್ದರೆ, ಇಂಜಿನ್ನಿನೊಳಗಿನ ತೇವ ಆವಿಯಾಗಿ ಹೋಗುವಷ್ಟು ಬಿಸಿ ಅದಕ್ಕೆ ಸಿಗುತ್ತಿಲ್ಲ ಅಂತ ಅರ್ಥ. ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಅಡಿಯ ಸೀಲ್) ಹೋದರೂ ಹೀಗೇ ಕಾಣುತ್ತದೆ, ಆದರೆ ಆಗ ಕೂಲೆಂಟ್, ಅಂದರೆ ಇಂಜಿನ್ ತಣಿಸುವ ನೀರು, ಕಡಿಮೆಯಾಗುತ್ತಾ ಬರುತ್ತದೆ. ಕೂಲೆಂಟ್ ಮಟ್ಟ ಹಾಗೇ ಇದ್ದು ಮುಚ್ಚಳದಲ್ಲಿ ಮಾತ್ರ ಗಸಿ ಇದ್ದರೆ ಗಾಬರಿಯಾಗಿ ಹೆಡ್ ಬಿಚ್ಚಿಸಬೇಡಿ. ಇದು ಬಹಳ ಜನ ಮಾಡುವ ತಪ್ಪು. ಥರ್ಮೋಸ್ಟಾಟ್ ಇಲ್ಲದೆ ಗಸಿ ಬಂತು, ಗಸಿ ನೋಡಿ ಹೆಡ್ ಇಳಿಸಿದರು, ಹೆಡ್ ಇಳಿಸಿದ ಮೇಲೆ ಲೇತಿಗೆ ಕಳಿಸಿ ಮೈ ಮಟ್ಟ ಮಾಡುವ ಫೇಸಿಂಗ್ ಮಾಡಿಸಿದರು, ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದರು. ಥರ್ಮೋಸ್ಟಾಟ್ ಮಾತ್ರ ಆಗಲೂ ಹಾಕಲಿಲ್ಲ.

ಸರಿ, ಈ ನಂಬಿಕೆಗೇ ಬರೋಣ. ‘ನಮ್ಮ ಬಿಸಿಲಿಗೆ ಥರ್ಮೋಸ್ಟಾಟ್ ಬೇಡ.’

ನಮ್ಮ ಕೆರೆಗಳಿಗೆ ತೂಬು ಇರುತ್ತದಲ್ಲ, ಅದನ್ನು ಎಷ್ಟು ಎತ್ತಬೇಕು, ಯಾವಾಗ ಇಳಿಸಬೇಕು ಎಂದು ನೋಡಿಕೊಳ್ಳುವುದಕ್ಕೆ ನೀರಗಂಟಿ ಇರುತ್ತಿದ್ದ. ಥರ್ಮೋಸ್ಟಾಟ್ ಮಾಡುವುದು ಆ ನೀರಗಂಟಿಯ ಕೆಲಸ. ಇಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ದಾರಿ ಮುಚ್ಚಿರುತ್ತದೆ, ನೀರು ಇಂಜಿನ್ನಿನೊಳಗೇ ಸುತ್ತಿ ಬೇಗ ಬಿಸಿಯಾಗುತ್ತದೆ. ಬೇಕಾದಷ್ಟು ಬಿಸಿಯಾದ ಮೇಲೆ ದಾರಿ ತೆರೆಯುತ್ತದೆ. ಒಳಗೆ ಕರೆಂಟೂ ಇಲ್ಲ, ಸೆನ್ಸರೂ ಇಲ್ಲ. ಒಂದು ಚಿಕ್ಕ ಹಿತ್ತಾಳೆ ಡಬ್ಬಿಯಲ್ಲಿ ಮೇಣ ತುಂಬಿದೆ, ಅಷ್ಟೆ. ಬಿಸಿಯಾದಾಗ ಮೇಣ ಕರಗಿ ಹಿಗ್ಗಿ ಒಂದು ಕಡ್ಡಿಯನ್ನು ತಳ್ಳುತ್ತದೆ, ಸ್ಪ್ರಿಂಗ್ ಒತ್ತಿಕೊಂಡು ಬಾಗಿಲು ತೆರೆಯುತ್ತದೆ. ಆ ಕಾಲದ ಹೋಂಡಾ ಥರ್ಮೋಸ್ಟಾಟ್ 76ರಿಂದ 80 ಡಿಗ್ರಿಯ ನಡುವೆ ತೆರೆಯಲು ಶುರುವಾಗುತ್ತದೆ. 90 ಡಿಗ್ರಿಗೆ ಪೂರ್ತಿ ತೆರೆದಿರುತ್ತದೆ, ಎಂಟು ಮಿಲಿಮೀಟರಿಗಿಂತ ಜಾಸ್ತಿ.

ಈಗ ಹೇಳಿ. ಇಂಜಿನ್ ಹೀಟ್ ಆಗುವುದು ಅಂದರೆ ನೀರು ನೂರು ಡಿಗ್ರಿ ದಾಟಿ ಮೇಲೆ ಹೋಗುವುದು. ಅಷ್ಟು ಹೊತ್ತಿಗೆ ಥರ್ಮೋಸ್ಟಾಟ್ ಎಲ್ಲಿದೆ? ಯಾವಾಗಲೋ ಪೂರ್ತಿ ತೆರೆದು ನಿಂತಿದೆ. ಹೊರಗೆ ಕಲಬುರಗಿಯ 42 ಡಿಗ್ರಿ ಬಿಸಿಲಿರಲಿ, ಮಡಿಕೇರಿಯ 15 ಡಿಗ್ರಿ ಚಳಿ ಇರಲಿ, ಅದಕ್ಕೆ ಸಂಬಂಧವೇ ಇಲ್ಲ. ಅದು ನೋಡುವುದು ನೀರಿನ ಬಿಸಿಯನ್ನು ಮಾತ್ರ. ಚೆನ್ನಾಗಿರುವ ಥರ್ಮೋಸ್ಟಾಟ್ ತೆಗೆದು ಹೀಟಿಂಗ್ ನಿಲ್ಲಿಸುತ್ತೇನೆ ಎನ್ನುವುದು, ತೂಬು ಪೂರ್ತಿ ಎತ್ತಿದ ಮೇಲೂ ಕಾಲುವೆಯಲ್ಲಿ ನೀರು ಸಾಲದು ಅಂತ ನೀರಗಂಟಿಯನ್ನು ಕೆಲಸದಿಂದ ತೆಗೆದಹಾಗೆ. ಕಾಲುವೆಯಲ್ಲಿ ಹೂಳು ತುಂಬಿರುವುದನ್ನು ಯಾರೂ ನೋಡುವುದಿಲ್ಲ.

ಹಾಗಾದರೆ ಮೂವತ್ತು ವರ್ಷದ ಅನುಭವ ಇರುವವರು ಯಾಕೆ ಹೀಗೆ ಹೇಳುತ್ತಾರೆ? ಅವರು ಸುಳ್ಳು ಹೇಳುತ್ತಿಲ್ಲ. ಅವರು ಕೈ ಪಳಗಿಸಿಕೊಂಡದ್ದು ಅಂಬಾಸಿಡರ್, ಪದ್ಮಿನಿ, ಲಾರಿಗಳ ಮೇಲೆ. ಅಲ್ಲಿ ಕಾರ್ಬ್ಯುರೇಟರ್ ಇತ್ತು. ನೀರಿನ ಬಿಸಿ ನೋಡಿ ಪೆಟ್ರೋಲ್ ಅಳೆಯುವ ಇಸಿಯು ಇರಲಿಲ್ಲ. ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕಿ ಹಾಕಿ ಒಳಗೆ ಸುಣ್ಣ ಕಟ್ಟಿ, ತುಕ್ಕು ಉದುರಿ, ಥರ್ಮೋಸ್ಟಾಟ್ ಅರ್ಧಕ್ಕೇ ಕಚ್ಚಿಕೊಂಡು ನಿಲ್ಲುತ್ತಿತ್ತು. ಮುಚ್ಚಿಕೊಂಡೇ ನಿಂತರೆ ಇಂಜಿನ್ ಖಂಡಿತ ಹೀಟ್ ಆಗುತ್ತದೆ. ಆಗುಂಬೆ ತಿರುವಿನಲ್ಲಿ ನಿಂತ ಗಾಡಿಯ ಥರ್ಮೋಸ್ಟಾಟ್ ಕಿತ್ತು ಹಾಗೇ ಜೋಡಿಸಿದರೆ ಗಾಡಿ ಊರು ಸೇರುತ್ತಿತ್ತು. ಅವರು ಕಣ್ಣಾರೆ ಕಂಡದ್ದು ಅದು. ದಾರಿಯಲ್ಲಿ ಸಿಕ್ಕಿಬಿದ್ದಾಗ ನಾನೂ ಅದನ್ನೇ ಮಾಡುತ್ತೇನೆ. ಆದರೆ ಊರು ಸೇರಿದ ಮೇಲೆ ಹೊಸದು ಹಾಕಬೇಕಿತ್ತು. ಅದು ತಪ್ಪಿಹೋಯಿತು. ಕೆಟ್ಟ ಥರ್ಮೋಸ್ಟಾಟ್ ತೆಗೆದರೆ ಒಳ್ಳೆಯದು ಅನ್ನುವುದು ಬರಬರುತ್ತಾ ಥರ್ಮೋಸ್ಟಾಟೇ ಕೆಟ್ಟದ್ದು ಅಂತ ಆಯಿತು.

ಇದನ್ನು ಓದಿ ಗ್ಯಾರೇಜಿಗೆ ಹೋಗಿ ಜಗಳವಾಡುವವರಿಗೆ ಒಂದು ಮಾತು. ಥರ್ಮೋಸ್ಟಾಟ್ ಬೇಕು ಅನ್ನುವ ನಮ್ಮ ಕಡೆಯವರೂ ಒಂದು ತಪ್ಪು ವಾದ ಮಾಡುತ್ತಾರೆ. ‘ಥರ್ಮೋಸ್ಟಾಟ್ ತೆಗೆದರೆ ನೀರು ಜೋರಾಗಿ ಓಡುತ್ತದೆ, ರೇಡಿಯೇಟರಿನಲ್ಲಿ ತಣ್ಣಗಾಗಲು ಟೈಮೇ ಸಿಗಲ್ಲ, ಅದಕ್ಕೇ ಜಾಸ್ತಿ ಹೀಟ್ ಆಗುತ್ತದೆ’ ಅಂತ. ಇದೂ ಸರಿಯಲ್ಲ. ನೀರು ಜೋರಾಗಿ ಓಡಿದರೆ ಇಂಜಿನ್ನಿನೊಳಗೆ ಇರುವ ಹೊತ್ತೂ ಕಡಿಮೆ, ರೇಡಿಯೇಟರಿಗೆ ಮತ್ತೆ ಮತ್ತೆ ಬರುವುದೂ ಜಾಸ್ತಿ. ಒಟ್ಟಿನಲ್ಲಿ ಶಾಖ ಹೆಚ್ಚೇ ಹೋಗುತ್ತದೆ. ಥರ್ಮೋಸ್ಟಾಟ್ ಬೇಕಾಗಿರುವುದು ತಣ್ಣಗೆ ಮಾಡುವುದಕ್ಕಲ್ಲ, ತೀರಾ ತಣ್ಣಗಾಗದ ಹಾಗೆ ನೋಡಿಕೊಳ್ಳುವುದಕ್ಕೆ. ಸರಿಯಾದ ಮಾತಿಗೆ ತಪ್ಪು ಕಾರಣ ಕೊಟ್ಟರೆ ಮೆಕ್ಯಾನಿಕ್ ನಿಮ್ಮನ್ನು ನಂಬುವುದಿಲ್ಲ, ನಂಬಲೂ ಬಾರದು.

ನನಗೆ ಇದೆಲ್ಲ ತಿಳಿದದ್ದು ನನ್ನ ಗಾಡಿಯಿಂದಲೇ. ನಾನು ತಂದಾಗ ಮೀಟರಿನಲ್ಲಿ ಟೆಂಪರೇಚರ್ ಮುಳ್ಳು ಕಾಲು ಭಾಗಕ್ಕಿಂತ ಮೇಲೆ ಏರುತ್ತಲೇ ಇರಲಿಲ್ಲ. ಮಾರಿದವರು ಅದನ್ನು ಹೆಮ್ಮೆಯಿಂದ ತೋರಿಸಿದ್ದರು, ‘ನೋಡಿ, ಎಷ್ಟು ಕೂಲ್ ಆಗಿ ಓಡುತ್ತೆ’ ಅಂತ. ಘಾಟಿ ಹತ್ತುವಾಗ ಸ್ವಲ್ಪ ಏರುತ್ತಿತ್ತು, ಇಳಿಯುವಾಗ ತಳಕ್ಕೆ ಹೋಗುತ್ತಿತ್ತು. ವಿಟೆಕ್ ಒಂದು ದಿನ ಬರುತ್ತಿತ್ತು, ನಾಲ್ಕು ದಿನ ಬರುತ್ತಿರಲಿಲ್ಲ. ಒಂದು ಗ್ಯಾರೇಜಿನಲ್ಲಿ ಸೊಲೆನಾಯ್ಡ್ ಬದಲಿಸಿ ಅಂದರು. ಇನ್ನೊಂದರಲ್ಲಿ ಇಸಿಯು ಹೋಗಿದೆ ಅಂದರು. ಸೊಲೆನಾಯ್ಡ್ ಬಿಚ್ಚಿ ಅದರ ಗ್ಯಾಸ್ಕೆಟ್ಟಿನಲ್ಲಿರುವ ಸಣ್ಣ ಜಾಲರಿ ತೊಳೆದೆ, ಆಯಿಲ್ ಗಸಿ ಅಲ್ಲೂ ಕಟ್ಟಿತ್ತು. ಅದೂ ಒಂದು ಕಾರಣವೇ, ಆದರೆ ಪೂರ್ತಿ ಕಾರಣವಲ್ಲ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಗಾಡಿ ಓಡಿಸಿಕೊಂಡು ಬಂದು, ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಹಾಗೇ ಕಾಣುವ, ಗ್ಯಾರೇಜುಗಳಲ್ಲಿ ಬಳಸುವ ಥರ್ಮಾಮೀಟರನ್ನು ಇಂಜಿನ್ನಿಗೆ ಹಿಡಿದೆ. ಇಪ್ಪತ್ತು ಕಿಲೋಮೀಟರ್ ಓಡಿದ ಇಂಜಿನ್ನಿನ ನೀರಿನ ದಾರಿ 58 ಡಿಗ್ರಿ ತೋರಿಸಿತು. ಹೌಸಿಂಗ್ ಬಿಚ್ಚಿದರೆ ಒಳಗೆ ಖಾಲಿ. ರಬ್ಬರ್ ಸೀಲ್ ಕೂರುವ ತೋಡಿನಲ್ಲಿ ಬಿಳಿ ಪುಡಿ, ಅಷ್ಟೆ.

ಹೊಸದು ತಂದ ಮೇಲೆ ಹಾಗೇ ಹಾಕಲಿಲ್ಲ, ಪರೀಕ್ಷೆ ಮಾಡಿದೆ. ನೀವೂ ಮಾಡಿ, ಹತ್ತು ನಿಮಿಷದ ಕೆಲಸ. ಅಡುಗೆಗೆ ಬಳಸದ ಒಂದು ಪಾತ್ರೆಯಲ್ಲಿ ನೀರಿಟ್ಟು ಒಲೆ ಮೇಲಿಡಿ. ಥರ್ಮೋಸ್ಟಾಟಿನ ಬಾಗಿಲನ್ನು ಬೆರಳಿನಿಂದ ಒತ್ತಿ ತೆರೆದು, ಆ ಸಂದಿಗೆ ಒಂದು ದಾರ ಸಿಕ್ಕಿಸಿ ಬಿಡಿ. ದಾರ ಕಚ್ಚಿಕೊಳ್ಳುತ್ತದೆ. ಆ ದಾರ ಹಿಡಿದು ಥರ್ಮೋಸ್ಟಾಟನ್ನು ನೀರಿನಲ್ಲಿ ತೂಗಾಡಿಸಿ, ತಳಕ್ಕೆ ತಾಗದ ಹಾಗೆ. ಪಕ್ಕದಲ್ಲಿ ಥರ್ಮಾಮೀಟರ್ ಇರಲಿ. ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆ ಏಳುತ್ತವೆ, 60, 70, ಏನೂ ಆಗುವುದಿಲ್ಲ. 78 ಅಂದಾಗ ಟಪ್ ಅಂತ ದಾರದಿಂದ ಕಳಚಿ ಕೆಳಗೆ ಬಿತ್ತು. ಬಾಗಿಲು ತೆರೆಯಿತು ಅಂತ ಅರ್ಥ. ಬೆಂಗಳೂರು, ಚಿಕ್ಕಮಗಳೂರಿನಂಥ ಎತ್ತರದ ಊರುಗಳಲ್ಲಿ ನೀರು 100ಕ್ಕೆ ಮೊದಲೇ, 97ರ ಆಸುಪಾಸಿಗೇ ಕುದಿಯುತ್ತದೆ. ಆದರೂ 90 ದಾಟುತ್ತದಲ್ಲ, ಪೂರ್ತಿ ತೆರೆಯುವುದನ್ನೂ ನೋಡಬಹುದು. ಒಲೆ ಆರಿಸಿದ ಮೇಲೆ ಮೆಲ್ಲಗೆ ಮುಚ್ಚಿಕೊಳ್ಳುವುದನ್ನೂ ನೋಡಿ. ಅಂಗೈಯಲ್ಲಿ ಹಿಡಿಸುವ ಸಾಮಾನು, ಒಂದು ತೊಟ್ಟು ಕರೆಂಟಿಲ್ಲದೆ ವರ್ಷಗಟ್ಟಲೆ ಇದೇ ಕೆಲಸ ಮಾಡುತ್ತದೆ. ನಾನು ಅದನ್ನು ಎರಡು ಸಲ ಮಾಡಿ ನೋಡಿದೆ.

ಹಾಕಿದ ಮೇಲೆ ಮುಳ್ಳು ಅರ್ಧಕ್ಕಿಂತ ಒಂದು ಕೂದಲೆಳೆ ಕೆಳಗೆ ಬಂದು ನಿಂತಿತು. ಘಾಟಿ ಹತ್ತಿದರೂ ಅಲ್ಲೇ, ಇಳಿದರೂ ಅಲ್ಲೇ, ಅಂಟು ಹಾಕಿದ ಹಾಗೆ. ವಿಟೆಕ್ ಅವತ್ತಿನಿಂದ ಒಂದು ದಿನವೂ ತಪ್ಪಿಲ್ಲ. ಹೊಸ ಕಾಲದ ಕಾರುಗಳಲ್ಲಿ ಥರ್ಮೋಸ್ಟಾಟ್ ತೆರೆದೇ ಉಳಿದರೆ ಪಿ0128 ಅಂತ ಕೋಡ್ ಬಂದು ಚೆಕ್ ಇಂಜಿನ್ ಲೈಟ್ ಹತ್ತುತ್ತದೆ. ಕಾರು ತಯಾರಿಸುವವರೇ ಅದನ್ನು ದೋಷ ಅಂತ ಹೇಳುತ್ತಿದ್ದಾರೆ. ನಮ್ಮ ಹಳೇ ಗಾಡಿಗೆ ಹಾಗೆ ಹೇಳಲು ಬಾಯಿಲ್ಲ, ಅದಕ್ಕೇ ನಾವು ಮುಳ್ಳು ನೋಡಬೇಕು.

ಹಾಗಾದರೆ ನಿಜವಾಗಲೂ ಹೀಟ್ ಆದರೆ? ಕಾರಣ ಬೇರೆ ಕಡೆ ಹುಡುಕಿ. ರೇಡಿಯೇಟರ್ ಕ್ಯಾಪಿನಿಂದ ಶುರು ಮಾಡಿ. ಅದು ಬರೀ ಮುಚ್ಚಳವಲ್ಲ, ಮನೆಯ ಕುಕ್ಕರಿನ ವೆಯ್ಟ್ ಇದ್ದ ಹಾಗೆ. ಒತ್ತಡ ಹಿಡಿದಿಟ್ಟು ನೀರನ್ನು 120 ಡಿಗ್ರಿಯವರೆಗೂ ಕುದಿಯದ ಹಾಗೆ ತಡೆಯುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಅನ್ನ ಬೇಯುತ್ತದಾ? ಇಲ್ಲೂ ಅಷ್ಟೆ. ಕ್ಯಾಪಿನ ರಬ್ಬರ್ ಗಟ್ಟಿಯಾಗಿ ಸೀಳಿದ್ದರೆ ಬದಲಿಸಿ. ಬಿಸಿ ಇದ್ದಾಗ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ. ಆಮೇಲೆ ಫ್ಯಾನ್. ಟ್ರಾಫಿಕ್ಕಿನಲ್ಲಿ ಮಾತ್ರ ಹೀಟ್ ಆಗಿ ಹೈವೇಯಲ್ಲಿ ಸರಿಯಾಗಿದ್ದರೆ ಹೆಚ್ಚಾಗಿ ಫ್ಯಾನಿನದೇ ತೊಂದರೆ. ಹೈವೇಯಲ್ಲೇ ಹೀಟ್ ಆದರೆ ರೇಡಿಯೇಟರ್ ಕಟ್ಟಿಕೊಂಡಿದೆ ಅಂತ ಅನುಮಾನಿಸಿ. ವಾಟರ್ ಪಂಪ್ ಈ ಇಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟಿನಿಂದಲೇ ತಿರುಗುತ್ತದೆ, ಆದ್ದರಿಂದ ಬೆಲ್ಟ್ ಬದಲಿಸುವಾಗ ಪಂಪೂ ಬದಲಿಸಿ. ಗಾಡಿ ತಂದು ನಾಲ್ಕು ತಿಂಗಳಾಯ್ತು ಅಂದಿರಿ, ಬೆಲ್ಟ್ ಯಾವಾಗ ಬದಲಾಯಿಸಿದ್ದು ಅಂತ ಬಿಲ್ ಇಲ್ಲದಿದ್ದರೆ ಇವತ್ತೇ ಬದಲಿಸಿ. ಮಾರಿದವರ ಬಾಯಿಮಾತು ನಂಬಬೇಡಿ. ಅದು ಹರಿದರೆ ಪಿಸ್ಟನ್‌ಗಳು ವಾಲ್ವ್‌ಗೆ ಬಡಿದು ಇಂಜಿನ್ನೇ ಹೋಗುತ್ತದೆ.

‘ಹೀಟ್’ ಅನ್ನುವ ಮಾತು ಬಂದದ್ದಕ್ಕೆ ಇನ್ನೊಂದನ್ನು ಹೇಳದೆ ಇರಲು ಆಗುತ್ತಿಲ್ಲ, ನೀವು ಕೇಳದಿದ್ದರೂ. ಈ ಗಾಡಿ ಇಟ್ಟುಕೊಂಡವರಿಗೆ ಯಾವತ್ತೋ ಒಂದು ದಿನ ಇದು ಆಗಿಯೇ ಆಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಬಿಸಿಲಲ್ಲಿ ಗಾಡಿ ನಿಲ್ಲಿಸಿ ಊಟ ಮುಗಿಸಿ ಬರುತ್ತೀರಿ. ಕೀ ತಿರುಗಿಸಿದರೆ ಇಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಯಾರೋ ಬಂದು ಇಂಜಿನ್ ಹೀಟ್ ಆಗಿದೆ, ಬಿಡಿ ಅನ್ನುತ್ತಾರೆ. ಮುಕ್ಕಾಲು ಗಂಟೆ ಬಿಟ್ಟು ಕೀ ಕೊಟ್ಟರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಇದರಲ್ಲಿ ಇಂಜಿನ್ನಿನ ತಪ್ಪಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಮೇನ್ ರಿಲೇ ಅಂತ ಒಂದು ಡಬ್ಬಿ ಇದೆ, ಫ್ಯೂಯಲ್ ಪಂಪಿಗೆ ಕರೆಂಟ್ ಕೊಡುವುದು ಅದೇ. ಅದರೊಳಗಿನ ಬೆಸುಗೆಯಲ್ಲಿ ವರ್ಷಗಳು ಕಳೆದಂತೆ ಕೂದಲಿನಷ್ಟು ಸಣ್ಣ ಬಿರುಕು ಬೀಳುತ್ತದೆ. ಕ್ಯಾಬಿನ್ ಕಾದಾಗ ಬಿರುಕು ಅಗಲವಾಗಿ ಕರೆಂಟ್ ತಪ್ಪುತ್ತದೆ, ತಣ್ಣಗಾದಾಗ ಮತ್ತೆ ಕೂಡುತ್ತದೆ. ಆ ಕಾಲದ ಹೋಂಡಾಗಳಿಗೆಲ್ಲ ಲೋಕದ ತುಂಬ ಇದೇ ಕಾಯಿಲೆ. ಪರೀಕ್ಷೆ ಸುಲಭ. ಕಿಟಕಿ ಏರಿಸಿ, ಎಫ್‌ಎಂ ಆರಿಸಿ, ಕೀ ಆನ್ ಮಾಡಿ ಕಿವಿಗೊಡಿ. ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ ‘ಝುಂ’ ಅಂತ ಪಂಪಿನ ಸದ್ದು ಬರಬೇಕು. ಬರಲಿಲ್ಲ ಅಂದರೆ ರಿಲೇ ಬಿಚ್ಚಿ ಟಿವಿ ರಿಪೇರಿ ಅಂಗಡಿಗೆ ತಗೊಂಡು ಹೋಗಿ. ಭೂತಗನ್ನಡಿ ಹಿಡಿದರೆ ಬೆಸುಗೆಯ ಚುಕ್ಕೆಯ ಸುತ್ತ ಉಂಗುರದ ಹಾಗೆ ಬಿರುಕು ಕಾಣುತ್ತದೆ. ಸೋಲ್ಡರಿಂಗ್ ಐರನ್ ಮುಟ್ಟಿಸಿ ಮತ್ತೆ ಕರಗಿಸಿದರೆ ಮುಗಿಯಿತು. ಈ ಡಬ್ಬಿಯ ದೆಸೆಯಿಂದ ಪಂಪು, ಡಿಸ್ಟ್ರಿಬ್ಯೂಟರ್ ಎಲ್ಲ ಬದಲಿಸಿದವರನ್ನು ನೋಡಿ ನನಗೆ ಹೊಟ್ಟೆ ಉರಿದಿದೆ.

ಟಿವಿ ರಿಪೇರಿ ಅಂಗಡಿ ಅಂದೆ. ಅಂಥ ಅಂಗಡಿಗಳೂ ಕಡಿಮೆಯಾಗುತ್ತಿವೆ. ನಮ್ಮೂರಿನಲ್ಲಿ ಒಬ್ಬ ರೇಡಿಯೇಟರ್ ರಿಪೇರಿಯವರಿದ್ದಾರೆ, ಎಪ್ಪತ್ತರ ಹತ್ತಿರದ ವಯಸ್ಸು. ತಾಮ್ರ-ಹಿತ್ತಾಳೆಯ ರೇಡಿಯೇಟರ್ ತಂದುಕೊಟ್ಟರೆ ಮೇಲಿನ ಟ್ಯಾಂಕ್ ಬೆಸುಗೆ ಬಿಡಿಸಿ, ಒಂದೊಂದು ಕೊಳವೆಗೂ ತೆಳು ಪಟ್ಟಿ ತೂರಿಸಿ ಸುಣ್ಣ ಕೆರೆದು ತೆಗೆದು, ಮತ್ತೆ ಬೆಸೆದು, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಬಿಟ್ಟು, ಒಂದೂ ಗುಳ್ಳೆ ಏಳುವುದಿಲ್ಲ ಅಂತ ನಮಗೇ ತೋರಿಸಿ ಕೊಡುತ್ತಾರೆ. ಈಗ ಬರುವ ಅಲ್ಯೂಮಿನಿಯಂ ರೇಡಿಯೇಟರಿಗೆ ಪ್ಲಾಸ್ಟಿಕ್ ಟ್ಯಾಂಕ್, ಅಂಚು ಮಡಿಸಿ ಕೂರಿಸಿರುತ್ತಾರೆ. ಅದನ್ನು ಹೀಗೆ ಬಿಚ್ಚಲು ಬರುವುದಿಲ್ಲ, ಹೋದರೆ ಪೂರ್ತಿ ಬದಲಿಸಬೇಕು. ಅವರು ನನ್ನ ಗಾಡಿ ನೋಡಿದಾಗ ಮೊದಲು ಕೇಳಿದ್ದೇ, ‘ವಾಲ್ವ್ ಒಳಗಿದೆಯೇನಪ್ಪಾ?’ ಅಂತ. ಇದೆ ಅಂದಾಗ ತಲೆಯಾಡಿಸಿದರು. ಮೂವತ್ತಲ್ಲ, ಐವತ್ತು ವರ್ಷದ ಅನುಭವ ಇರುವವರು ಅವರು. ಹಾಗಾಗಿ ಹಳೇ ಕಾಲದ ಮೆಕ್ಯಾನಿಕ್‌ಗಳೆಲ್ಲ ಥರ್ಮೋಸ್ಟಾಟ್ ಬೇಡ ಅನ್ನುತ್ತಾರೆ ಎನ್ನುವುದೂ ನಿಜವಲ್ಲ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಗೊತ್ತಿರಲಿ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 20 ವರ್ಷ ದಾಟಿದ ಕಾರಿನ ರಿಜಿಸ್ಟ್ರೇಷನ್ ರಿನ್ಯೂವಲ್ ಶುಲ್ಕ 10,000 ರೂಪಾಯಿ. ಓಎಚ್‌ಸಿ ವಿಟೆಕ್‌ಗಳೆಲ್ಲ ಈಗ ಆ ಲೆಕ್ಕಕ್ಕೇ ಬರುತ್ತವೆ. ಅದರ ಮುಂದೆ ಥರ್ಮೋಸ್ಟಾಟಿನ ಬೆಲೆ ಏನೂ ಅಲ್ಲ. ಒಂದು ಸಲ ಟ್ಯಾಂಕ್ ತುಂಬಿಸುವಷ್ಟೂ ಆಗುವುದಿಲ್ಲ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಹಳೆಯ ಥರ್ಮೋಸ್ಟಾಟಂತೂ ನಿಮ್ಮ ಹತ್ತಿರ ಇಲ್ಲ, ಆದ್ದರಿಂದ ಹೌಸಿಂಗಿನ ಬಾಯಿ ಅಳತೆ ಮಾಡಿಕೊಂಡು, ಆರ್‌ಸಿ ಫೋಟೋ ಇಟ್ಟುಕೊಂಡು ಹೋಗಿ. ತೆರೆಯುವ ಡಿಗ್ರಿಯನ್ನು ಸಾಮಾನಿನ ಮೇಲೇ ಒತ್ತಿರುತ್ತಾರೆ, ಓದಿ ನೋಡಿ. ‘ಇಂಡಿಯಾಗೆ ಇದೇ ಸರಿ’ ಅಂತ ಕಡಿಮೆ ಡಿಗ್ರಿಯದು ಕೊಡಲು ಬಂದರೆ ಬೇಡ ಅನ್ನಿ.

ಹಾಕಿಸುವಾಗ ಪಕ್ಕದಲ್ಲೇ ನಿಂತಿರಿ. ಥರ್ಮೋಸ್ಟಾಟಿನ ಅಂಚಿನಲ್ಲಿ ಅಲುಗಾಡುವ ಒಂದು ಚಿಕ್ಕ ಪಿನ್ ಇದೆ, ಗಾಳಿ ಹೋಗಲು ಇರುವುದು. ಅದು ಮೇಲ್ಗಡೆಗೇ ಬರಬೇಕು. ರಬ್ಬರ್ ಸೀಲ್ ಹೊಸದಿರಲಿ. ಕೂಲೆಂಟ್ ತುಂಬುವಾಗ ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಗಾಳಿ ತೆಗೆಯುವ ಬೋಲ್ಟ್ ಸಡಿಲಿಸಿ, ಗುಳ್ಳೆ ನಿಂತು ನೀರು ಒಂದೇ ಸಮ ಬರುವವರೆಗೆ ಬಿಡಲಿ. ಬೋರ್‌ವೆಲ್ ನೀರು ಬೇಡ, ರೆಡಿ ಮಿಕ್ಸ್ ಕೂಲೆಂಟ್ ಹಾಕಿಸಿ. ಆಮೇಲೆ ಇಪ್ಪತ್ತು ಕಿಲೋಮೀಟರ್ ಓಡಿಸಿ, ಮುಳ್ಳು ಎಲ್ಲಿ ನಿಂತಿದೆ ನೋಡಿ ನನಗೆ ಬರೆಯಿರಿ. ವಿಟೆಕ್ ಬಂತೋ ಇಲ್ಲವೋ ಅಂತ ಬರೆಯುವುದು ಬೇಡ, ಮುಳ್ಳು ಎಲ್ಲಿದೆ ಅಂತ ಹೇಳಿದರೆ ನನಗೇ ಗೊತ್ತಾಗುತ್ತದೆ.